ಟೊಂಕದ ಫೋಟೊ

ನಮ್ಮ ಕಡೆ ಒಬ್ಬ ಹೆಣ್ಣುಮಗಳನ್ನು ಹೊಗಳಬೇಕಾದರೆ "ಟೊಂಕ ಕಟ್ಟಿ ನಿಂತಳು" ಎನ್ನುತ್ತಾರೆ. ಮನೆಯಲ್ಲಿ ಮದುವೆ ಇರಲಿ, ಕುಬಸ ಇರಲಿ, ಸಾವಾಗಿರಲಿ, ನಸುಕಿನ ನಾಲ್ಕಕ್ಕೆ ಎದ್ದು ನೀರು ತುಂಬಿ, ಬುಟ್ಟಿಗಟ್ಟಲೆ ರೊಟ್ಟಿ ಬಡಿದು, ಬಂದವರ ಕಾಲಿಗೆ ನೀರು ಕೊಟ್ಟು, ಹೊರಟವರ ಕೈಗೆ ಬುತ್ತಿ ಕಟ್ಟಿಕೊಟ್ಟವಳು ಟೊಂಕ ಕಟ್ಟಿದವಳು. ಕಟ್ಟಿದ ಟೊಂಕವನ್ನು ಅವಳು ಬಿಚ್ಚುವುದು ಯಾವಾಗ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒಂದು ದಿನ ಅದೇ ಟೊಂಕ ಹಿಡಿದುಕೊಂಡು ಏಳಲಾಗದೆ ಕುಳಿತರೆ, "ವಯಸ್ಸಾತಲ್ಲ, ಹಂಗ ಇರೂದ" ಎಂದು ಒಬ್ಬರು, "ಉಸುಕು ಕಾಸಿ ಶಾಖಾ ಕೊಡ" ಎಂದು ಇನ್ನೊಬ್ಬರು. ಮೂರನೆಯವರು ಏನೂ ಹೇಳುವುದಿಲ್ಲ, ಊಟಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಅಡಿಗೆಮನೆಯತ್ತ ನೋಡುತ್ತಾರೆ.

ವಿಜಯಪುರದ ಸುತ್ತಿನ ಹೆಂಗಸರ ಟೊಂಕಕ್ಕೆ ಕೆಲಸದ ಬರವಿಲ್ಲ. ನೀರಿಗೆ ಬರವಿದ್ದ ಕಾಲದಲ್ಲಿ ಕೊಡದ ಮೇಲೆ ಕೊಡ ಹೊತ್ತದ್ದು ಈ ಟೊಂಕವೇ. ಬಿಳಿಜೋಳದ ಸುಗ್ಗಿಯಲ್ಲಿ ದಿನವಿಡೀ ಬಗ್ಗಿ ದಂಟು ಕಿತ್ತದ್ದೂ ಅದೇ. ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋದರೆ ಎರಡೂ ಬದಿಗೆ ದ್ರಾಕ್ಷಿ ತೋಟ, ನಡುನಡುವೆ ಒಣದ್ರಾಕ್ಷಿಯ ಶೆಡ್ಡುಗಳು. ದ್ರಾಕ್ಷಿ ಗೊನೆ ತಲೆಯ ಮೇಲೆ ತೂಗುತ್ತದೆ, ಕೈ ಎತ್ತಿ ಕುತ್ತಿಗೆ ಹಿಂದಕ್ಕೆ ಬಾಗಿಸಿ ಕೆಲಸ ಮಾಡಬೇಕು. ಒಣದ್ರಾಕ್ಷಿ ಆರಿಸುವುದು ನೆಲಕ್ಕೆ ಕುಳಿತು, ಮುಂದಕ್ಕೆ ಬಾಗಿ, ಬೆಳಗಿನಿಂದ ಸಂಜೆಯವರೆಗೆ. ಜಮಖಂಡಿ ರಸ್ತೆಯ ಬಬಲೇಶ್ವರದ ಕಡೆ ಹೋದರೂ ಕಬ್ಬು, ಜೋಳ, ತೊಗರಿ ಎಂದು ಬೆಳೆಯ ಹೆಸರು ಬದಲಾಗುತ್ತದೆ, ಬಗ್ಗುವುದು ಬದಲಾಗುವುದಿಲ್ಲ. ನಾವು ಪೇಟೆಯವರು, ನಮಗೇನು ಎನ್ನಬೇಡಿ. ಕರಿಹಲಗೆಯ ಮುಂದೆ ದಿನಕ್ಕೆ ಆರು ಪಿರಿಯಡ್ಡು ನಿಂತ ನಮ್ಮಂಥವರ ಟೊಂಕಕ್ಕೂ ಸಂಜೆ ನಾಲ್ಕೂವರೆಗೆ ತನ್ನದೇ ಗಂಟೆ ಬಾರಿಸುತ್ತದೆ.

ನಮ್ಮ ಗೋಳಗುಮ್ಮಟದ ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಒಂದೂ ಕಂಬವಿಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ಮನುಷ್ಯರ ಮೈಗೆ ಇರುವುದು ಒಂದೇ ಕಂಬ, ಅದೂ ನೆಟ್ಟಗಿಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5 ಬಿಡಿ ಮಣಿಗಳು. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ, ತುದಿಯಲ್ಲಿ ಬಾಲದೆಲುಬು. ಟೊಂಕದ ಐದು ಮಣಿಗಳೇ ಎಲ್ಲಕ್ಕಿಂತ ದಪ್ಪ, ಮೇಲಿನ ಮೈಭಾರವೆಲ್ಲ ಅವುಗಳ ಮೇಲೆ. ಆ ಭಾಗದಲ್ಲಿ ಬೆನ್ನು ಒಳಕ್ಕೆ ಬಾಗಿದೆ. ನಂಬಿಕೆಯಾಗದಿದ್ದರೆ ಗಟ್ಟಿ ನೆಲದ ಮೇಲೆ ಕಾಲು ಚಾಚಿ ಅಂಗಾತ ಮಲಗಿ, ಟೊಂಕದ ಕೆಳಗೆ ಕೈ ತೂರಿಸಿ ನೋಡಿ. ಅಂಗೈ ಸರಾಗವಾಗಿ ಹೋಗುತ್ತದೆ. ಈಗ ಮೊಳಕಾಲು ಮಡಚಿ ಪಾದ ಊರಿ. ಸಂದು ಮುಚ್ಚಿ ಬೆನ್ನು ನೆಲಕ್ಕೆ ಕೂಡುತ್ತದೆ. ಇಷ್ಟನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನೋವು ಔಷಧಿ ಅಂಗಡಿಯ ಗುಳಿಗೆಗೆ ಬಗ್ಗದಿದ್ದಾಗ "ಫೋಟೊ ತೆಗಸೂಣು" ಎನ್ನುವ ಮಾತು ಬರುತ್ತದೆ. ನಮ್ಮ ಜನರಿಗೆ ಎಕ್ಸ್‌ರೇ ಎಂದರೆ ಎಲುಬಿನ ಫೋಟೊ. ಎಷ್ಟೋ ಮಂದಿಗೆ ಅದೇ ಒಂದು ಚಿಕಿತ್ಸೆ. "ಫೋಟೊ ತೆಗಸಿದ್ಮ್ಯಾಲ ಹಗರ ಆತ್ ನೋಡವಾ" ಎಂದವರನ್ನು ನಾನೇ ಬಲ್ಲೆ. ಜರ್ಮನಿಯ ರಾಂಟ್‌ಜೆನ್ 1895ರ ನವೆಂಬರ್ 8ರಂದು ಈ ಕಿರಣಗಳನ್ನು ಕಂಡುಹಿಡಿದ. ಆ ಡಿಸೆಂಬರ್ 22ರಂದು ಹೆಂಡತಿ ಬರ್ಥಾಳ ಕೈಯನ್ನು ತಟ್ಟೆಯ ಮೇಲಿಡಿಸಿ ಚಿತ್ರ ತೆಗೆದ. ಬೆರಳೆಲುಬುಗಳೂ ಉಂಗುರವೂ ಮೂಡಿದ ಆ ಚಿತ್ರ ಲೋಕವನ್ನೆಲ್ಲ ಸುತ್ತಿತು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವನಿಗೆ ಬಂತು. ಹಕ್ಕುಪತ್ರ ಮಾಡಿಸಿಕೊಂಡು ಹಣ ಮಾಡದೆ ಅದನ್ನು ಜನಕ್ಕೇ ಬಿಟ್ಟುಕೊಟ್ಟ. ಎಲ್ಲ ಸರಿ. ನಾನು ಪ್ರತಿಸಲ ನೆನೆಯುವುದು ಬರ್ಥಾಳನ್ನು. ಅದೇನೆಂದು ಯಾರಿಗೂ ತಿಳಿಯದ ಬೆಳಕಿಗೆ ಕೈಯೊಡ್ಡಿ, ಅಲುಗದೆ ಹತ್ತಾರು ನಿಮಿಷ ಕುಳಿತವಳು ಅವಳು.

ಅಲುಗದೆ ಇರುವುದು ಹೆಂಗಸರಿಗೆ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಹೇಗೆ ಮಲಗಬೇಕು, ಯಾಕೆ ಹಾಗೆ ಮಲಗಬೇಕು, ಏನನ್ನು ತೆಗೆದಿಡಬೇಕು, ಏನನ್ನು ಬಾಯಿಬಿಟ್ಟು ಹೇಳಬೇಕು ಎಂಬುದನ್ನು ಕಲಿಸಿದರೆ ತಪ್ಪಿಲ್ಲ. ನನಗೆ ಇದು ಗೊತ್ತಾದದ್ದು ತಿಕೋಟಾದ ನನ್ನ ನೆಗೆಣ್ಣಿಯ ದೆಸೆಯಿಂದ.

ನೆಗೆಣ್ಣಿ ನನಗಿಂತ ಆರು ವರ್ಷ ದೊಡ್ಡವಳು, ತೋಟದ ಮನೆಯ ಹಿರಿ ಸೊಸೆ. ವರ್ಷಗಟ್ಟಲೆ ಟೊಂಕನೋವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು. ಕಡೆಗೆ ನಡೆಯುತ್ತ ನಡೆಯುತ್ತ ಕಾಲು ಜುಮ್ಮೆಂದು, ನಡುದಾರಿಯಲ್ಲಿ ಕುಳಿತುಕೊಳ್ಳುವ ಹಾಗಾದಾಗ ಮನೆಯವರು ಒಂದು ಕಡೆ ಕರೆದೊಯ್ದು ಫೋಟೊ ತೆಗೆಸಿದರು. ಎಲ್ಲಿ ಎಂಬುದು ಬೇಡ. ಒಳಗಿದ್ದವನಿಗೆ ಅವಸರ. "ಸೀರಿ ಸರಸಿ ಮಲಗ್ರಿ" ಎಂದನಂತೆ. ನೆಗೆಣ್ಣಿ ಉಟ್ಟದ್ದು ಹದಿನೆಂಟು ಮೊಳದ ಇಳಕಲ್ ಸೀರೆ. ಅದಕ್ಕೆ ಟೊಂಕದಲ್ಲೊಂದು ಗಂಟು, ಗಂಟಿನ ಮೇಲೆ ಬೆಳ್ಳಿ ಡಾಬು, ಒಳಗೆ ಉಡದಾರ, ಬದಿಗೆ ಎಲೆಅಡಿಕೆ ಚೀಲ, ಚೀಲದಲ್ಲಿ ಚಿಲ್ಲರೆ, ನೆರಿಗೆಗೊಂದು ಪಿನ್ನು. ಅವನು ತೆಗೆ ಎನ್ನಲಿಲ್ಲ, ಇವಳು ತೆಗೆಯಲಿಲ್ಲ. ನೋವಿಗೆ ಕಾಲು ಚಾಚಲಾಗದೆ ಓರೆಯಾಗಿ ಮಲಗಿದವಳನ್ನು ಹಾಗೇ ತೆಗೆದು ಕಳಿಸಿದ. ಆ ಫಿಲ್ಮನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಡಾಬಿನ ಹೂವು, ಒಂದೆರಡು ನಾಣ್ಯ, ಪಿನ್ನು ಎಲ್ಲ ಬೆಳ್ಳಗೆ ಚಂದ ಮೂಡಿದ್ದವು. ಅವುಗಳ ಹಿಂದೆಲ್ಲೋ ಮೋಡದೊಳಗಿನ ಚಂದ್ರನಂತೆ ಅವಳ ಟೊಂಕದ ಮಣಿಗಳು. ವೈದ್ಯರು ನೋಡಿದವರೇ "ಇದರಾಗ ಏನೂ ತಿಳಿಯಂಗಿಲ್ಲ, ಇನ್ನೊಮ್ಮೆ ತಗಸಕೊಂಡ ಬರ್ರಿ" ಎಂದರು. ಹಣ ಹೋಯಿತು, ಅದು ದೊಡ್ಡದಲ್ಲ. ಮೈಗೆ ಕಿರಣ ಎರಡನೇ ಸಲ ಬೀಳಬೇಕಾಯಿತು.

ಎರಡನೇ ಸಲ ನಾನು ಜೊತೆಗಿದ್ದೆ. ವಿಜಯಪುರ ಈ ವಿಷಯದಲ್ಲಿ ಬಡ ಊರಲ್ಲ. 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯದು ಎಂದು ಎರಡು ವೈದ್ಯಕೀಯ ಕಾಲೇಜುಗಳು ಇಲ್ಲಿ ತೆರೆದವು. ಅವಲ್ಲದೆ ಜಿಲ್ಲಾ ಆಸ್ಪತ್ರೆ, ಹತ್ತಾರು ಖಾಸಗಿ ದವಾಖಾನೆಗಳು. ನಾವು ಹೋದಲ್ಲಿ ಬಿಳಿ ಕೋಟು ಹಾಕಿ, ಕೋಟಿಗೆ ಕಿರಣ ಅಳೆಯುವ ಸಣ್ಣ ಬಿಲ್ಲೆ ಸಿಗಿಸಿಕೊಂಡು ನಿಂತಿದ್ದ ಹುಡುಗಿ ನನ್ನನ್ನು ನೋಡಿ "ಬಾಯಾರ, ನೀವೇನ್ರಿ ಇಲ್ಲೆ!" ಎಂದಳು. ಬಬಲೇಶ್ವರದ ಕಡೆಯ ಹುಡುಗಿ, ಎಂಟನೆಯ ಇಯತ್ತೆಯಿಂದ ಹತ್ತರವರೆಗೆ ನನ್ನ ವಿದ್ಯಾರ್ಥಿನಿ. ಕನ್ನಡದಲ್ಲಿ ಅಷ್ಟಕ್ಕಷ್ಟೆ, ಆದರೆ ನಕಾಶೆ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪ್ಯಾರಾಮೆಡಿಕಲ್ ಡಿಪ್ಲೊಮಾ ಮಾಡಿ ಈ ಕೆಲಸಕ್ಕೆ ಬಂದಿದ್ದಳು.

ಅವಳು ಮೊದಲು ಮಾಡಿದ ಕೆಲಸ ಬಾಗಿಲು ಹಾಕಿದ್ದು. ಎರಡನೆಯದು ನೆಗೆಣ್ಣಿಯ ಕೈಗೆ ಗೌನು ಕೊಟ್ಟು "ದೊಡ್ಡವ್ವಾ, ಪರದೆ ಹಿಂದ ಹೋಗಿ ಇದನ್ನ ಹಾಕ್ಕೋರಿ. ಡಾಬು, ಉಡದಾರ, ಪಿನ್ನು, ಎಲ್ಲಾ ಬಾಯಾರ ಕೈಯಾಗ ಕೊಡ್ರಿ" ಎಂದದ್ದು. ನೆಗೆಣ್ಣಿ ಡಾಬು ಕೊಟ್ಟಳು, ಚೀಲ ಕೊಟ್ಟಳು. ಬೆಳ್ಳಿ ತಾಯತ ಪೋಣಿಸಿದ ಉಡದಾರಕ್ಕೆ ಬಂದಾಗ ಕೈ ನಿಂತಿತು. "ನಮ್ಮವ್ವ ಕಟ್ಟಿದ್ದು, ಬಿಚ್ಚಿಲ್ಲ ಇಲ್ಲೀತನಕ." ಹುಡುಗಿ ಒತ್ತಾಯ ಮಾಡಲಿಲ್ಲ, ನಗಲೂ ಇಲ್ಲ. "ಬಿಚ್ಚಬ್ಯಾಡ್ರಿ. ಮ್ಯಾಲೆ ಎದಿ ತನಕ ಸರಸೂಣು, ಫೋಟೊದಾಗ ಬರಂಗಿಲ್ಲ" ಎಂದಳು. ನೂಲಿನ ದಾರ ಸಡಿಲವಿತ್ತು, ಸರಿಯಿತು. ನಲವತ್ತು ಹುಡುಗಿಯರ ತರಗತಿಯಲ್ಲಿ ಅವಳಿಗೆ ನಾನು ಏನು ಕಲಿಸಿದೆನೋ ತಿಳಿಯದು, ಆ ಹೊತ್ತು ಅವಳಿಂದ ನಾನು ಕಲಿತೆ.

ಆಮೇಲೆ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಕಾಲು ಚಾಚಬೇಕಿಲ್ಲ ಎಂದು ತಿಳಿದು ನೆಗೆಣ್ಣಿಗೆ ಅರ್ಧ ನೋವು ಅಲ್ಲೇ ಇಳಿಯಿತು. "ಮೊಳಕಾಲ ಮಡಚ್ರಿ, ಪಾದ ಊರ್ರಿ." ಹೀಗೇಕೆ ಎಂದು ನಾನು ಕೇಳಿದೆ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಕ್ಸ್‌ರೇ ಎಂದರೆ ನೆರಳು. ಲಾಟೀನಿನ ಮುಂದೆ ಕೈ ಹಿಡಿದು ಗೋಡೆಯ ಮೇಲೆ ನೆರಳಾಟ ಆಡಿದವರಿಗೆ ಗೊತ್ತು, ಕೈ ಗೋಡೆಗೆ ಹತ್ತಿರವಿದ್ದಷ್ಟೂ ನೆರಳು ಚೊಕ್ಕ, ದೂರ ಸರಿದಷ್ಟೂ ದೊಡ್ಡದು ಮತ್ತು ಮಬ್ಬು. ಇಲ್ಲಿ ದೀಪ ಮೇಲೆ ಒಂದು ಮೀಟರಿನಷ್ಟು ಎತ್ತರದಲ್ಲಿ, ಗೋಡೆ ಮೇಜಿನ ಕೆಳಗೆ. ಮೊಳಕಾಲು ಮಡಚಿದರೆ ಟೊಂಕದ ಬಾಗು ಕಡಿಮೆಯಾಗಿ ಎಲುಬು ಮೇಜಿಗೆ ಕೂಡುತ್ತದೆ. ಇನ್ನೊಂದು ಲಾಭವೂ ಇದೆ. ಮಣಿ ಮಣಿಗಳ ನಡುವೆ ಮೆತ್ತನೆಯ ಗದ್ದುಗೆಗಳಿವೆಯಲ್ಲ, ಎಕ್ಸ್‌ರೇಯಲ್ಲಿ ಅವು ಕಾಣುವುದಿಲ್ಲ. ಅವು ಇರುವ ಸಂದು ಮಾತ್ರ ಕಾಣುತ್ತದೆ. ಕೈತುಂಬ ಬಳೆ ತೊಟ್ಟ ತೋಳನ್ನು ನೇರವಾಗಿ ನೋಡಿದರೆ ಬಳೆ ಬಳೆಗಳ ಸಂದು ಎಣಿಸಬಹುದು, ಓರೆಯಾಗಿ ನೋಡಿದರೆ ಎಲ್ಲ ಒಂದರಲ್ಲೊಂದು ಕೂಡಿ ಪಟ್ಟಿಯಾಗುತ್ತದೆ. ಕಿರಣವೂ ಹಾಗೆ. ಸಂದಿಗೆ ನೇರವಾಗಿ ಹೋದರೆ ಸಂದು ತೆರೆದು ಕಾಣುತ್ತದೆ. ಹಾಗಾಗಿ ಮಲಗಿಸುವುದರಲ್ಲೇ ಅರ್ಧ ರೋಗಪತ್ತೆ.

"ಟೊಂಕದ ಎಲುಬು ಮುಟ್ಟಿ ನೋಡ್ತೀನ್ರಿ" ಎಂದು ಹೇಳಿ ಅವಳು ಎರಡೂ ಬದಿಯ ಸೊಂಟದೆಲುಬಿನ ಏಣು ಹುಡುಕಿದಳು. ಆ ಏಣಿನ ಮಟ್ಟಕ್ಕೆ ನಾಲ್ಕನೆಯ ಮಣಿ, ಪಕ್ಕೆಲುಬಿನ ಕೆಳ ಅಂಚಿನ ಮಟ್ಟಕ್ಕೆ ಮೂರನೆಯದು. ಬೆಳಕಿನ ಗೆರೆಯನ್ನು ಅಲ್ಲಿಗೆ ತಂದು, ಬೇಡದ ಜಾಗಕ್ಕೆ ಕಿರಣ ಹೋಗದಂತೆ ಚೌಕವನ್ನು ಕಿರಿದು ಮಾಡಿದಳು. ಆಚೆ ಸೀಸದ ಗಾಜಿನ ಹಿಂದೆ ಹೋಗಿ ನಿಂತು, "ಉಸರ ತಗೋರಿ... ಪೂರಾ ಬಿಡ್ರಿ... ಹಂಗ ಹಿಡೀರಿ... ಅಳಗ್ಯಾಡಬ್ಯಾಡ್ರಿ... ಆತು, ಈಗ ಉಸರಾಡ್ರಿ!" ಉಸಿರು ಬಿಟ್ಟು ಹಿಡಿದಾಗ ಹೊಟ್ಟೆ ಇಳಿದು, ವಪೆ ಮೇಲೇರಿ ಚಿತ್ರ ಸಮನಾಗಿ ಬರುತ್ತದಂತೆ.

ಮುಂದಿನದು ಮಗ್ಗುಲಿನ ಚಿತ್ರ. ಎಡಮಗ್ಗುಲಿಗೆ ತಿರುಗಿಸಿ, ಮೊಳಕಾಲು ಎದೆಯತ್ತ ಮಡಚಿಸಿ, ಎರಡು ಮೊಳಕಾಲುಗಳ ನಡುವೆ ಒಂದು ದಿಂಬು ಇಟ್ಟಳು. ಕೈಗಳನ್ನು ಮುಖದ ಮುಂದಕ್ಕೆ ತರಿಸಿದಳು. ಟೊಂಕದ ಕೆಳಗೆ ಇನ್ನೊಂದು ಮೆತ್ತೆ ತೂರಿಸಿದಳು. ಹೆಂಗಸರಿಗೆ ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಟೊಂಕ ಒಳಸರಿದಿರುತ್ತದೆ, ಸೊಂಟ ಅಗಲ. ಮಗ್ಗುಲಾಗಿ ಮಲಗಿದಾಗ ಬೆನ್ನಿನ ಕಂಬ ನಡುವೆ ಜೋಲುತ್ತದೆ, ಸಡಿಲ ಹೆಣೆದ ಹೊರಸಿನಂತೆ. ಮೆತ್ತೆ ಇಟ್ಟು ಅದನ್ನು ಮೇಜಿಗೆ ಸಮಾಂತರ ಮಾಡಬೇಕು. ಅದಾಗದಿದ್ದರೆ ಕಿರಣದ ಕೊಳವೆಯನ್ನೇ ಕಾಲಿನ ಕಡೆಗೆ ಸ್ವಲ್ಪ ವಾಲಿಸಬೇಕು. ಪಾಠದಲ್ಲಿ ಅದರ ಲೆಕ್ಕವಿದೆ, ಗಂಡಸರಿಗೆ 5 ಡಿಗ್ರಿ, ಹೆಂಗಸರಿಗೆ 8 ಡಿಗ್ರಿ. ಇದನ್ನು ಕೇಳಿ ನನಗೆ ಯಾಕೋ ಸಂತೋಷವಾಯಿತು. ಹೆಣ್ಣಿನ ಟೊಂಕ ಬೇರೆ ಎಂದು ತಿಳಿದು, ಅದಕ್ಕಾಗಿ ಯಂತ್ರವೇ ಮೂರು ಡಿಗ್ರಿ ಬಾಗಬೇಕು ಎಂದು ಬರೆದಿಟ್ಟ ಶಾಸ್ತ್ರ ಒಂದಾದರೂ ಇದೆಯಲ್ಲ!

ಇದನ್ನೆಲ್ಲ ಬರೆದವರು ಯಾರು ಎಂದು ಕೇಳಿದಾಗ ಸಂತೋಷ ಇಮ್ಮಡಿಯಾಯಿತು. ಮಲಗಿಸುವ ಈ ವಿದ್ಯೆಗೆ ಎರಡು ಪ್ರಸಿದ್ಧ ಗ್ರಂಥಗಳಿವೆ. ಒಂದು, ಇಂಗ್ಲೆಂಡಿನ ಕ್ಯಾಥಲೀನ್ ಕ್ಲಾರಾ ಕ್ಲಾರ್ಕ್ 1939ರಲ್ಲಿ ಹೊರತಂದದ್ದು. ಇನ್ನೊಂದು, ಅಮೆರಿಕದ ವಿನಿಟಾ ಮೆರಿಲ್ 1949ರಲ್ಲಿ ತಂದದ್ದು. ಇಬ್ಬರೂ ಹೆಂಗಸರು. ಇಂದಿಗೂ ಆ ಪುಸ್ತಕಗಳು ತಿದ್ದುಪಡಿಯಾಗುತ್ತ ಅವರ ಹೆಸರಿನಲ್ಲೇ ಅಚ್ಚಾಗುತ್ತಿವೆ. ವಿಜ್ಞಾನದ ಪಾಠದಲ್ಲಿ ಕಿರಣ ಕಂಡವನ ಹೆಸರಿದೆ. ಆ ಕಿರಣದ ಕೆಳಗೆ ನೋವಿನ ಮನುಷ್ಯರನ್ನು ಹೇಗೆ ಮಲಗಿಸಬೇಕು, ತಲೆಗೆ ಎಲ್ಲಿ ದಿಂಬು, ಟೊಂಕಕ್ಕೆ ಎಲ್ಲಿ ಮೆತ್ತೆ ಎಂದು ಒಂದೊಂದೇ ಅಂಗಕ್ಕೆ ಬರೆದಿಟ್ಟವರ ಹೆಸರಿಲ್ಲ. ಮಲಗಿಸುವವರ ಹೆಸರು ಮನೆಯಲ್ಲೂ ಯಾರೂ ಬರೆದಿಡುವುದಿಲ್ಲವಲ್ಲ.

ಕಡೆಗೆ ನೆಗೆಣ್ಣಿಯನ್ನು ನಿಲ್ಲಿಸಿ, ಮುಂದಕ್ಕೆ ಬಾಗಿಸಿ ಒಂದು, ಹಿಂದಕ್ಕೆ ಬಾಗಿಸಿ ಒಂದು ತೆಗೆದರು. ಅದರಲ್ಲಿ ಸಿಕ್ಕಿತು ಕಳ್ಳ. ನಾಲ್ಕನೆಯ ಮಣಿ ಐದನೆಯದರ ಮೇಲೆ ಒಂದಿಷ್ಟು ಮುಂದಕ್ಕೆ ಜಾರಿತ್ತು. ಮಲಗಿದಾಗ ಜಾಗದಲ್ಲಿದ್ದಂತೆ ತೋರುವುದು, ನಿಂತು ಬಗ್ಗಿದಾಗ ಜಾರುವುದು. ಐವತ್ತು ದಾಟಿದ ಹೆಂಗಸರಲ್ಲಿ ಗಂಡಸರಿಗಿಂತ ಇದು ಹೆಚ್ಚು, ಅದೂ ಇದೇ ಜಾಗದಲ್ಲಿ ಎಂದರು ವೈದ್ಯರು. ಶಸ್ತ್ರಚಿಕಿತ್ಸೆಯ ಮಾತು ಸದ್ಯಕ್ಕೆ ಬೇಡ, ಭಾರ ಎತ್ತಬಾರದು, ಹೊಟ್ಟೆಯ ಸ್ನಾಯುಗಳಿಗೆ ವ್ಯಾಯಾಮ, ಕಾಲಿನ ಬಲ ಕುಂದಿದರೆ ಕೂಡಲೇ ಬರಬೇಕು ಎಂದು ಹೇಳಿ ಕಳಿಸಿದರು.

ಫಿಲ್ಮು ಮನೆಗೆ ಬಂದಮೇಲೆ ನಡೆದದ್ದು ನೋಡುವಂತಿತ್ತು. ಹತ್ತು ವರ್ಷ ನಂಬದವರು ಹತ್ತು ನಿಮಿಷದಲ್ಲಿ ನಂಬಿದರು. ಭಾವ ಅದನ್ನು ಬೆಳಕಿಗೆ ಹಿಡಿದು "ಅಬಾಬಾ, ಖರೇನ ಸರದೈತಲ್ಲ!" ಎಂದರು. ನೀರಿನ ಕೊಡ ಎತ್ತಲು ಮಗ ಬಂದ. ನೆಲದ ಮೇಲಿನ ಒಲೆಯನ್ನು ಕಟ್ಟೆಯ ಮೇಲೆ ಏರಿಸಿದರು. ನೆಗೆಣ್ಣಿ ನನ್ನ ಕಿವಿಯಲ್ಲಿ ಹೇಳಿದಳು: "ನಾ ಇಷ್ಟ ವರ್ಸ ಬಾಯಿಲೆ ಹೇಳಿದ್ದು ಸುಳ್ಳಾತು, ಆ ಕರೇ ಹಾಳಿ ಹೇಳಿದ್ದು ಖರೇ ಆತು ನೋಡ."

ಆ ಮಾತು ನನ್ನನ್ನು ಬಿಡಲಿಲ್ಲ. ಹಾಳೆ ಖರೆ ಹೇಳಿದವಳ ಕತೆ ಇದಾಯಿತು. ಹಾಳೆ ಏನೂ ಹೇಳದವಳ ಗತಿ? ನನ್ನ ಜೊತೆಯ ಒಬ್ಬ ಶಿಕ್ಷಕಿಗೆ ಎರಡು ವರ್ಷ ಟೊಂಕನೋವು. ಫೋಟೊದಲ್ಲಿ ಏನೂ ಇಲ್ಲ ಎಂದು ಬಂತು. "ಏನೂ ಇಲ್ಲಂತ!" ಎಂದು ಮನೆಯವರು ಊರಿಗೆಲ್ಲ ಸಿಹಿ ಹಂಚಿದ ಹಾಗೆ ಹೇಳಿದರು. ಅಂದಿನಿಂದ ಅವಳ ನೋವು ನೆವ ಎನಿಸಿಕೊಂಡಿತು. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆ. ಸ್ನಾಯು, ನರ, ಗದ್ದುಗೆ ಅದಕ್ಕೆ ಕಾಣುವುದಿಲ್ಲ, ಅವಕ್ಕೆ ಎಂ.ಆರ್.ಐ. ಬೇಕು. ನೋವಂತೂ ಯಾವ ಯಂತ್ರಕ್ಕೂ ಕಾಣುವುದಿಲ್ಲ. ಎಲುಬು ಸವೆದದ್ದು ಚಿತ್ರದಲ್ಲಿ ಎದ್ದು ಕಂಡರೂ ನೋವೇ ಇಲ್ಲದೆ ಓಡಾಡುವವರಿದ್ದಾರೆ, ಚಿತ್ರ ಚೊಕ್ಕವಿದ್ದೂ ರಾತ್ರಿಯಿಡೀ ನರಳುವವರಿದ್ದಾರೆ. ಫೋಟೊ ವೈದ್ಯರಿಗೆ ಒಂದು ಸಾಕ್ಷಿ, ಹೆಂಗಸಿನ ನಡತೆಗೆ ಪ್ರಮಾಣಪತ್ರವಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಈ ಬರಹ ಮುಗಿಯದು. ಬಬಲೇಶ್ವರದಲ್ಲಿ ನನ್ನ ಅಣ್ಣನ ಮನೆ. ಅವನ ಸೊಸೆ ಮದುವೆಯಾಗಿ ಬಂದ ವರ್ಷ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಟೊಂಕಕ್ಕೆ ಪೆಟ್ಟು. ಕರೆದೊಯ್ದವರು ಮಾವ ಮತ್ತು ಮೈದುನ. ಫೋಟೊ ತೆಗೆಯುವವನು ಕೋಣೆಯ ಬಾಗಿಲಲ್ಲೇ ನಿಂತು, ಹತ್ತು ಮಂದಿಯ ಎದುರು, "ಏನವಾ, ಬಸರಿ ಅದೀಯೇನ?" ಎಂದು ಕೇಳಿದನಂತೆ. ಹುಡುಗಿ ತಲೆ ತಗ್ಗಿಸಿ ಇಲ್ಲ ಎಂದು ಅಲ್ಲಾಡಿಸಿದಳು. ಹದಿನೈದು ದಿನಕ್ಕೆ ಗೊತ್ತಾಯಿತು, ಅವಳಿಗೆ ದಿನ ನಿಂತು ಆರು ವಾರ ದಾಟಿತ್ತು. ಮನೆಯಲ್ಲಿ ಕೋಲಾಹಲ. "ಕೂಸು ಕುರುಡು ಹುಟ್ಟತೈತಿ" ಎಂದು ಒಬ್ಬರು, "ತಗಸಿಬಿಡೂದ ಚೊಲೊ" ಎಂದು ಇನ್ನೊಬ್ಬರು. ಆ ಹುಡುಗಿ ರಾತ್ರಿ ನನಗೆ ಫೋನ್ ಮಾಡಿ, "ಅತ್ತಿ, ನಂಗ ಒಂದ ಎಂಟ ದಿನಾ ಮ್ಯಾಲಾಗಿದ್ದು ಗೊತ್ತಿತ್ರಿ. ಮಾವಾರ ಮುಂದ ಹೆಂಗ ಹೇಳ್ಲಿ?" ಎಂದು ಅತ್ತಳು.

ಮರುದಿನವೇ ಅವಳನ್ನು ವಿಜಯಪುರಕ್ಕೆ ಕರೆಸಿ ಹೆರಿಗೆ ತಜ್ಞರ ಹತ್ತಿರ ಹೋದೆವು. ಅವರು ತೆಗೆದ ಚಿತ್ರಗಳ ಲೆಕ್ಕ ನೋಡಿ ಸಮಾಧಾನವಾಗಿ ತಿಳಿಸಿ ಹೇಳಿದರು. ಟೊಂಕದ ಎಕ್ಸ್‌ರೇ ಎದೆಯ ಎಕ್ಸ್‌ರೇಯಷ್ಟು ಹಗುರವಲ್ಲ, ನಿಜ. ಎದೆಯ ಒಂದು ಚಿತ್ರಕ್ಕೆ ಸುಮಾರು 0.02 ಮಿಲಿಸೀವರ್ಟ್ ಆದರೆ ಟೊಂಕದ ಪರೀಕ್ಷೆಗೆ ಸುಮಾರು 1.5. ಆದರೆ ನೆಲದಿಂದ, ಆಕಾಶದಿಂದ, ತಿನ್ನುವ ಅನ್ನದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಕಿರಣ ತಾನಾಗಿಯೇ ತಗಲುತ್ತದೆ. ಗರ್ಭಕ್ಕೆ ತಗಲಿದ ಪ್ರಮಾಣ 100 ಮಿಲಿಗ್ರೇ ಒಳಗಿದ್ದರೆ ಆ ಒಂದು ಕಾರಣಕ್ಕೆ ಗರ್ಭ ತೆಗೆಸಬೇಕಿಲ್ಲ ಎಂಬುದು ಅಂತಾರಾಷ್ಟ್ರೀಯ ತಜ್ಞರ ಮಾತು. ಟೊಂಕದ ಎರಡು ಮೂರು ಚಿತ್ರಗಳಲ್ಲಿ ತಗಲುವುದು ಅದಕ್ಕಿಂತ ಬಹಳ ಬಹಳ ಕಡಿಮೆ. ಕೂಸು ಉಳಿಯಿತು. ಈಗ ಮೂರನೆಯ ಇಯತ್ತೆ, ಮಗ್ಗಿ ಹೇಳೆಂದರೆ ಓಡಿಹೋಗುವ ಚಟ ಬಿಟ್ಟರೆ ಬೇರೆ ದೋಷವಿಲ್ಲ.

ಕೂಸು ಉಳಿಯಿತು ಎಂದು ಸುಮ್ಮನಾಗಲೇ? ಆ ಪ್ರಶ್ನೆಯನ್ನು ಕೇಳಲೇಬೇಕು. ಹಿಂದೆ ಮುಟ್ಟಾದ ಮೊದಲ ದಿನದಿಂದ ಹತ್ತು ದಿನದೊಳಗೆ ಮಾತ್ರ ಹೆಂಗಸರ ಹೊಟ್ಟೆ ಟೊಂಕದ ಎಕ್ಸ್‌ರೇ ತೆಗೆಯಬೇಕೆಂಬ ನಿಯಮವಿತ್ತು. ಆಮೇಲೆ ಅದನ್ನು ಸಡಿಲಿಸಿ, ಮುಟ್ಟು ತಪ್ಪಿಲ್ಲದಿದ್ದರೆ ಸಾಕು ಎಂದರು. ಎಕ್ಸ್‌ರೇ ಘಟಕಗಳ ಮೇಲೆ ನಿಗಾ ಇಡುವುದಕ್ಕೆ ನಮ್ಮಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ ಎಂಬ ಫಲಕ ಗೋಡೆಯ ಮೇಲೆ ತೂಗುತ್ತಿರುತ್ತದೆ. ಫಲಕಕ್ಕೆ ಓದಲು ಬರುವವರು ಬೇಕು, ಪ್ರಶ್ನೆಗೆ ಉತ್ತರ ಹೇಳುವ ಜಾಗ ಬೇಕು. ಮಾವನ ಎದುರು, ಮೈದುನನ ಎದುರು ಕೇಳಿದ್ದು ಕೇಳಿದ ಹಾಗಲ್ಲ. ನನ್ನ ವಿದ್ಯಾರ್ಥಿನಿ ಅದನ್ನು ಕೇಳುವುದು ಬಾಗಿಲು ಹಾಕಿ, ಹೆಣ್ಣುಮಗಳೊಬ್ಬಳೇ ಇದ್ದಾಗ, ಮೆಲ್ಲನೆ. ಅದೂ "ಬಸರಿ ಏನ?" ಎಂದಲ್ಲ. "ತಂಗೀ, ಈ ಸರತಿ ತಿಂಗಳದ ದಿನಾ ಬರೂ ವ್ಯಾಳ್ಯಾ ದಾಟೈತೇನವಾ?" ಎಂದು. ಮೊದಲನೆಯದಕ್ಕೆ ನಾಚಿಕೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಹುಡುಗಿ ಬೆರಳು ಮಡಚಿ ಲೆಕ್ಕ ಹಾಕುತ್ತಾಳೆ.

ಮೊದಲೆಲ್ಲ ಕೆಳಹೊಟ್ಟೆಯ ಮೇಲೆ ಸೀಸದ ಹಾಳೆ ಇಡುತ್ತಿದ್ದರು. ಈಗ ಇಡಲಿಲ್ಲವೆಂದು ಕೆಲವರು ಜಗಳ ತೆಗೆಯುತ್ತಾರಂತೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲೇ, ಆ ರೂಢಿಯಿಂದ ಲಾಭ ಕಡಿಮೆ, ನೋಡಬೇಕಾದ ಭಾಗವೇ ಮುಚ್ಚಿಹೋಗಿ ಮತ್ತೆ ತೆಗೆಯಬೇಕಾಗುತ್ತದೆ, ಬಿಡಿ ಎಂದು ಹೇಳಿದೆ. ಒಂದೇ ಸಲಕ್ಕೆ ಸರಿಯಾಗಿ ಮಲಗಿಸಿ, ಬೇಕಾದಷ್ಟೇ ಜಾಗಕ್ಕೆ ಕಿರಣ ಬಿಡುವುದೇ ದೊಡ್ಡ ರಕ್ಷಣೆ.

ಹಾಗೆಂದು ಟೊಂಕ ಚುರುಕ್ ಎಂದಾಗಲೆಲ್ಲ ಫೋಟೊಗೆ ಓಡಬೇಕಿಲ್ಲ. ಹೆಚ್ಚಿನ ನೋವು ನಾಲ್ಕಾರು ವಾರದಲ್ಲಿ ತಾನೇ ಇಳಿಯುತ್ತದೆ, ಅಷ್ಟರೊಳಗೆ ಚಿತ್ರದಿಂದ ತಿಳಿಯುವುದು ಕಡಿಮೆ. ಆದರೆ ಬಿದ್ದು ಪೆಟ್ಟಾಗಿದ್ದರೆ, ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡಬಾರದು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವೂ ಇದೆ. ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾಗಿ ಸಣ್ಣ ಎತ್ತಿಗೆಗೇ ಮಣಿ ಕುಸಿಯುವುದುಂಟು. ಕಾಲಿನ ಬಲ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ, ಮೂತ್ರ ಹಿಡಿತ ತಪ್ಪಿದರೆ ಆ ಹೊತ್ತೇ ಆಸ್ಪತ್ರೆಗೆ ಹೋಗಬೇಕು. ಈ ಕಡೆಯದನ್ನು ನಮ್ಮ ಹೆಂಗಸರು ಯಾರಿಗೂ ಹೇಳುವುದಿಲ್ಲ. ಹೇಳದೆ ಇದ್ದುದಕ್ಕೆ ಕಾಲು ಕಳೆದುಕೊಳ್ಳಬಾರದು.

ಈಗ ಪ್ರತಿವರ್ಷ ಒಂಬತ್ತು, ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಒಂದು ಪಿರಿಯಡ್ಡು ಇದನ್ನೇ ಹೇಳುತ್ತೇನೆ. ಪಠ್ಯದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ. ಆ ಕೋಣೆಗೆ ಹೋಗುವಾಗ ಒಬ್ಬ ಹೆಣ್ಣುಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಗೌನು ಕೇಳಿ, ಬಾಗಿಲು ಹಾಕಿಸಿ. ಟೊಂಕದಲ್ಲಿರುವ ಲೋಹವನ್ನೆಲ್ಲ ತೆಗೆದು ಕೊಡಿ. ಎಲ್ಲಿ ನೋವು, ಹೇಗೆ ಮಲಗಲಾಗದು ಎಂಬುದನ್ನು ಮೊದಲೇ ಹೇಳಿ. ದಿನ ತಪ್ಪಿದ್ದರೆ, ಅವರು ಕೇಳಲಿ ಬಿಡಲಿ, ನೀವೇ ಹೇಳಿ. ಹಳೆಯ ಚಿತ್ರಗಳನ್ನು ಒಯ್ಯಿರಿ.

ಹೋದ ವರ್ಷ ತಿಕೋಟಾದಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: "ಬಾಯಾರ, ನಮ್ಮವ್ವ ಒಣದ್ರಾಕ್ಷಿ ಆರಸಾಕ ಹೋಗ್ತಾಳ್ರಿ. ರಾತ್ರಿ ಟೊಂಕಾ ಹಿಡಕೊಂಡ ಎದ್ದ ಕುಂದರತಾಳ. ಕೇಳಿದ್ರ ಏನೂ ಇಲ್ಲ ಅಂತಾಳ್ರಿ. ಆಕೀಗೆ ನಾ ಏನಂತ ಕೇಳ್ಲಿ?"

"ಏನೂ ಇಲ್ಲ ಅಂದ್ರ ಎದ್ದ ಯಾಕ ಕುಂತೀ, ಅಂತ ಕೇಳು," ಎಂದೆ. "ಉತ್ತರಾ ಬರೂತನಕ ಬಾಜೂಕ ಕುಂದರು."